ಟಿ.ವಿ. ಹಾಸ್ಯ ಧಾರಾವಾಹಿಗಳ ಜಾಣರನ್ನು ಕಂಡು ನಾವು ನಗುವುದು ಯಾತಕ್ಕೆ?

ನವನಗರದ ಉಪನ್ಯಾಸಕ, ಬಾಗಲಕೋಟೆ

ನಮ್ಮ ಕಡೆಯ ಕಾಲೇಜುಗಳ ಗ್ಯಾದರಿಂಗಿನಲ್ಲಿ ಆಡುವ ಕಿರುನಾಟಕಗಳಲ್ಲಿ ಒಂದು ಪಾತ್ರ ತಪ್ಪದೆ ಬರುತ್ತದೆ. ದಪ್ಪ ಗಾಜಿನ ಕನ್ನಡಕ, ಕೊರಳ ಗುಂಡಿಯವರೆಗೂ ಹಾಕಿದ ಅಂಗಿ, ಎಣ್ಣೆ ಹಚ್ಚಿ ಒತ್ತಿ ಬಾಚಿದ ಕೂದಲು, ಹುಡುಗಿಯರ ಎದುರು ತೊದಲು ಮಾತು. ಆತ ಬಾಯಿ ತೆರೆಯುವ ಮೊದಲೇ ಸಭಾಂಗಣ ನಗುತ್ತದೆ. ಬರೆದವರು, ಆಡಿದವರು, ನೋಡಿ ನಕ್ಕವರು ಎಲ್ಲರೂ ಸರ್ಕ್ಯೂಟು, ಕೋಡು ಎಂದು ರಾತ್ರಿಯೆಲ್ಲ ನಿದ್ದೆಗೆಡುವ ಹುಡುಗ ಹುಡುಗಿಯರೇ. ಅವರಲ್ಲಿ ಒಬ್ಬರೂ ಹಾಗೆ ಕಾಣುವುದಿಲ್ಲ. ಹಾಗಿದ್ದರೂ ಈ ವೇಷವನ್ನು ಎಲ್ಲಿಂದ ತಂದಿರಿ ಎಂದು ಕೇಳಿದರೆ, ‘ಟಿ.ವಿ.ಯೊಳಗ ಹಿಂಗ ಇರ್ತದಲ್ಲ ಸರ’ ಎನ್ನುತ್ತಾರೆ.

ವೇಷ ಹಳೆಯದು, ಅಮೆರಿಕದ್ದು. 1989ರಲ್ಲಿ ಎಬಿಸಿ ವಾಹಿನಿಯಲ್ಲಿ ಶುರುವಾಗಿ 1998ರವರೆಗೆ ನಡೆದ ‘ಫ್ಯಾಮಿಲಿ ಮ್ಯಾಟರ್ಸ್’ ಎಂಬ ಧಾರಾವಾಹಿಯಲ್ಲಿ ಸ್ಟೀವ್ ಅರ್ಕೆಲ್ ಎಂಬ ಪಕ್ಕದ ಮನೆಯ ಹುಡುಗನಿದ್ದ. ಒಂದು ಕಂತಿಗೆಂದು ಬರೆದಿದ್ದ ಪಾತ್ರವದು. ಜಲೀಲ್ ವೈಟ್ ಅದನ್ನು ಆಡಿದ ರೀತಿಗೆ ಜನ ಮುಗಿಬಿದ್ದ ಮೇಲೆ ಇಡೀ ಧಾರಾವಾಹಿಯೇ ಅವನ ಸುತ್ತ ತಿರುಗತೊಡಗಿತು. ಎದೆಯವರೆಗೆ ಏರಿಸಿದ ಪ್ಯಾಂಟು, ಅದನ್ನು ಹಿಡಿದಿಡುವ ಪಟ್ಟಿ, ಕೀರಲು ದನಿ, ಏನನ್ನಾದರೂ ಒಡೆದ ಮೇಲೆ ‘ಇದನ್ನು ನಾನೇ ಮಾಡಿದೆನೇ’ ಎಂಬ ಪ್ರಶ್ನೆ. ಅವನು ತಾನೇ ಕಟ್ಟಿದ ಯಂತ್ರದೊಳಗೆ ಹೊಕ್ಕು ಸ್ಟೆಫಾನ್ ಎಂಬ ನಾಜೂಕಿನ ಚೆಲುವನಾಗಿ ಹೊರಬರುತ್ತಾನೆ, ಆಗ ನೆರೆಮನೆಯ ಲಾರಾ ಮನಸೋಲುತ್ತಾಳೆ. ಮನುಷ್ಯನ ದೇಹವನ್ನೇ ಬದಲಿಸುವ ಯಂತ್ರವನ್ನು ಹದಿಹರೆಯದವನೊಬ್ಬ ಮನೆಯಲ್ಲಿ ಕಟ್ಟಿದ್ದಾನೆ ಎಂಬುದು ಅಲ್ಲಿ ಯಾರಿಗೂ ಸುದ್ದಿಯಲ್ಲ. ಅವನ ಪ್ಯಾಂಟು ಕೆಳಗಿಳಿಯಿತು ಎಂಬುದೇ ದೊಡ್ಡ ಸುದ್ದಿ.

ಈ ಹಾಸ್ಯ ಹುಟ್ಟುವುದು ಆ ಪಾತ್ರಕ್ಕೆ ಗೊತ್ತಿರುವ ವಿಷಯದಿಂದಲೋ, ಅದು ನಿಲ್ಲುವ, ಕೂರುವ, ಮಾತಾಡುವ ರೀತಿಯಿಂದಲೋ ಎಂಬುದು ನನ್ನ ಪ್ರಶ್ನೆ. ಧಾರಾವಾಹಿಯ ಹೆಸರು, ದೃಶ್ಯ ಹೇಳಿ ಬರೆದರೆ ಚರ್ಚೆ ಗಟ್ಟಿಯಾದೀತು. ‘ಈಗಿನ ಹುಡುಗರು ಕೆಟ್ಟರು’ ಎಂಬ ವಿಷಯಕ್ಕೆ ಬೇರೆ ಕಟ್ಟೆಗಳಿವೆ.

ಟಿಳಕವಾಡಿಯ ಕೋಡುಗಾರ್ತಿ, ಬೆಳಗಾವಿ

ಹಾಗಾದರೆ ‘ದ ಬಿಗ್ ಬ್ಯಾಂಗ್ ಥಿಯರಿ’ಯಿಂದಲೇ ಶುರು ಮಾಡಬೇಕು, ಸರ್. 2007ರ ಸೆಪ್ಟೆಂಬರಿನಿಂದ 2019ರ ಮೇ ತಿಂಗಳವರೆಗೆ ಸಿಬಿಎಸ್ ವಾಹಿನಿಯಲ್ಲಿ 279 ಕಂತು ನಡೆದ ಈ ಧಾರಾವಾಹಿಯಷ್ಟು ದೊಡ್ಡ ಪ್ರೇಕ್ಷಕ ವರ್ಗವನ್ನು ವಿಜ್ಞಾನಿಗಳ ಕುರಿತ ಇನ್ನಾವ ಹಾಸ್ಯವೂ ಕಂಡಂತಿಲ್ಲ. ಅದರ ಇಬ್ಬರು ಸೃಷ್ಟಿಕರ್ತರಲ್ಲಿ ಬಿಲ್ ಪ್ರೇಡಿ ಮೊದಲು ಪ್ರೋಗ್ರಾಮರ್ ಆಗಿದ್ದವರು. ಹಿನ್ನೆಲೆಯ ಬಿಳಿ ಹಲಗೆಯ ಮೇಲಿನ ಸಮೀಕರಣಗಳನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯ ಭೌತವಿಜ್ಞಾನಿ ಡೇವಿಡ್ ಸಾಲ್ಟ್ಸ್‌ಬರ್ಗ್ ಒದಗಿಸುತ್ತಿದ್ದರು. ನರವಿಜ್ಞಾನಿ ಏಮಿಯ ಪಾತ್ರ ಮಾಡಿದ ಮಯಿಮ್ ಬಿಯಾಲಿಕ್ ನಿಜ ಜೀವನದಲ್ಲಿಯೂ ನರವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಅಂದರೆ ವಿಷಯ ತಿಳಿದವರು ಮನೆಯ ಒಳಗೇ ಇದ್ದರು.

ಹೀಗಿದ್ದೂ ನಗೆ ಎಲ್ಲಿ ಬೀಳುತ್ತದೆ ನೋಡಿ. ಭೌತವಿಜ್ಞಾನಿ ಶೆಲ್ಡನ್ ಉದ್ದನೆಯದೊಂದು ವೈಜ್ಞಾನಿಕ ವಾಕ್ಯ ಹೇಳುತ್ತಾನೆ, ಎದುರು ಮನೆಯ ಪೆನ್ನಿ ಕಣ್ಣು ಪಿಳುಕಿಸುತ್ತಾಳೆ, ಪ್ರೇಕ್ಷಕರು ನಗುತ್ತಾರೆ. ವಾಕ್ಯದಲ್ಲಿ ಏನಿತ್ತು ಎಂಬುದು ಅಲ್ಲಿ ಮುಖ್ಯವಾಗುವುದೇ ಇಲ್ಲ. ಅದರ ಜಾಗದಲ್ಲಿ ಸಂಸ್ಕೃತದ ಶ್ಲೋಕವಿದ್ದರೂ ಪಂಚಾಂಗದ ಪುಟವಿದ್ದರೂ ನಗೆ ಅಷ್ಟೇ ಬೀಳುತ್ತಿತ್ತು. ಹಲಗೆಯ ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಅದು ಗೋಡೆಯ ಕ್ಯಾಲೆಂಡರಿನ ಹಾಗೆ ಹಿಂದೆ ತೂಗುತ್ತಿರುತ್ತದೆ.

ಎಲ್ಲ ಕಂತೂ ಹೀಗೆಯೇ ಎನ್ನುವುದಿಲ್ಲ. ಮೊದಲ ಸೀಸನ್ನಿನಲ್ಲಿ ವೇಷದ ಪಾರ್ಟಿಗೆ ಶೆಲ್ಡನ್ ಮೈತುಂಬ ಕಪ್ಪು ಬಿಳುಪಿನ ಪಟ್ಟೆ ಹಾಕಿಕೊಂಡು ಬರುತ್ತಾನೆ. ತಾನು ಡಾಪ್ಲರ್ ಪರಿಣಾಮದ ವೇಷ ಹಾಕಿದ್ದೇನೆ ಎಂಬುದು ಅವನ ವಾದ, ನೋಡಿದವರಿಗೆ ಅವನು ಜೀಬ್ರಾ. ಯಾರಿಗೂ ತಿಳಿಯುತ್ತಿಲ್ಲವಲ್ಲ ಎಂದು ಕೊನೆಗೆ ಹತ್ತಿರ ಬಂದು ದೂರ ಹೋಗುವ ವಾಹನದ ಸದ್ದನ್ನು ಬಾಯಿಂದ ಮಾಡಿ ತೋರಿಸುತ್ತಾನೆ. ನಮ್ಮ ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನಲ್ಲಿ ಗಾಡಿಗಾಗಿ ಕಾದು ನಿಂತವರಿಗೆ ಈ ನಗೆ ಪೂರ್ತಿ ದಕ್ಕುತ್ತದೆ: ಹತ್ತಿರ ಬರುವಾಗ ಏರಿದ ಸೀಟಿಯ ಸ್ವರ ದಾಟಿ ಹೋದೊಡನೆ ಇಳಿಯುತ್ತದೆ, ಅವನ ಪಟ್ಟೆಗಳೂ ಒಂದೆಡೆ ಒತ್ತೊತ್ತಾಗಿ ಇನ್ನೊಂದೆಡೆ ಬಿಡಿಬಿಡಿಯಾಗಿರಬೇಕಿತ್ತು. ವಿಷಯ ತಿಳಿದಷ್ಟೂ ಹೆಚ್ಚು ನಗು ಬರುವ ದೃಶ್ಯವದು. ಅಂಥವು 279 ಕಂತುಗಳಲ್ಲಿ ಬಹಳ ಕಡಿಮೆ.

ಇನ್ನೊಂದು ಮಾತು. ಶುರುವಿನಲ್ಲಿ ಮುಖ್ಯ ಪಾತ್ರಗಳಲ್ಲಿ ನಾಲ್ವರು ಗಂಡಸರಲ್ಲಿ ಮೂವರು ವಿಜ್ಞಾನಿಗಳು, ಒಬ್ಬ ಎಂಜಿನಿಯರು; ಇದ್ದ ಒಬ್ಬ ಹೆಂಗಸು ಪೆನ್ನಿ ಹೋಟೆಲಿನಲ್ಲಿ ಊಟ ಬಡಿಸುವವಳು. ಸೂಕ್ಷ್ಮಜೀವಿ ವಿಜ್ಞಾನಿ ಬರ್ನಡೆಟ್, ಆಮೇಲೆ ಏಮಿ ಬಂದು ಗಟ್ಟಿಯಾಗಿ ನೆಲೆಯೂರುವ ಹೊತ್ತಿಗೆ ಮೂರು ಸೀಸನ್ ಮುಗಿದಿತ್ತು. ತಂಡದ ಸಭೆಯಲ್ಲಿ ನಾನೊಬ್ಬಳೇ ಹೆಣ್ಣುಮಗಳಾಗಿ ಕುಳಿತ ದಿನಗಳಿವೆ. ‘ಮೇಡಂ ಅವರಿಗೆ ಅರ್ಥವಾಗುವಂತೆ ಹೇಳಿ’ ಎಂಬ ಮಾತು ಆಗ ಎಲ್ಲಿಂದ ಬರುತ್ತದೆ ಎಂದು ನನಗೆ ಈಗ ಅಂದಾಜಿದೆ.

ಜಮಖಂಡಿಯ ವಿಜ್ಞಾನ ವಿದ್ಯಾರ್ಥಿ

ಅಕ್ಕಾ, ಸ್ವಲ್ಪ ಜಗಳಕ್ಕೆ ಅವಕಾಶ ಕೊಡಿ. ನಮ್ಮೂರಿನಲ್ಲಿ ಪಿಯುಸಿ ವಿಜ್ಞಾನ ಓದುವವನಿಗೆ ಎರಡೇ ದಾರಿ ಕಾಣುತ್ತವೆ, ಒಂದು ನೀಟ್, ಇನ್ನೊಂದು ಸಿಇಟಿ. ಸೈದ್ಧಾಂತಿಕ ಭೌತವಿಜ್ಞಾನವನ್ನೇ ವೃತ್ತಿಯಾಗಿ ಮಾಡಿಕೊಂಡು, ಅದಕ್ಕೆ ಸಂಬಳ ಪಡೆದು, ಗೆಳೆಯರೊಡನೆ ಊಟಕ್ಕೆ ಕುಳಿತು ಅದರ ಬಗ್ಗೆಯೇ ಜಗಳವಾಡಬಹುದು ಎಂದು ನನಗೆ ಮೊದಲು ತೋರಿಸಿದ್ದು ಇದೇ ಧಾರಾವಾಹಿ. ಸ್ಟೀಫನ್ ಹಾಕಿಂಗ್ ಅದರಲ್ಲಿ ತಾವೇ ಆಗಿ ಬಂದು ಶೆಲ್ಡನ್ನನ ಲೆಕ್ಕದ ತಪ್ಪು ತೋರಿಸಿದರು. 2006ರ ನೊಬೆಲ್ ಪಡೆದ ಜಾರ್ಜ್ ಸ್ಮೂಟ್ ಬಂದರು. 2015ರಲ್ಲಿ ಧಾರಾವಾಹಿಯ ತಂಡದವರು ಸೇರಿ ವಿಜ್ಞಾನ ಓದುವ ಬಡ ವಿದ್ಯಾರ್ಥಿಗಳಿಗೆಂದು ಸಾಲ್ಟ್ಸ್‌ಬರ್ಗ್ ಅವರ ವಿಶ್ವವಿದ್ಯಾಲಯದಲ್ಲೇ ವಿದ್ಯಾರ್ಥಿವೇತನ ನಿಧಿಯನ್ನೂ ಸ್ಥಾಪಿಸಿದರು. ಅವಮಾನ ಮಾಡಲೆಂದೇ ಹೊರಟವರು ಹೀಗೆ ಮಾಡುತ್ತಾರೆಯೇ?

ಉಪನ್ಯಾಸಕರಿಗೆ: ಕೊನೆಯ ಸೀಸನ್ನಿನಲ್ಲಿ ಲಾರಾ ಸ್ಟೆಫಾನ್‌ನನ್ನು ಬಿಟ್ಟು ಸ್ಟೀವನನ್ನೇ ಆರಿಸಿಕೊಳ್ಳುತ್ತಾಳೆ. ಅಷ್ಟರಲ್ಲಿ ಒಂಬತ್ತು ವರ್ಷ ಕಳೆದಿತ್ತು ಎಂಬುದು ಬೇರೆ ಮಾತು.

ನಿವೃತ್ತ ಗಣಿತ ಮಾಸ್ತರ, ವಿಜಯಪುರ

ಜಮಖಂಡಿಯ ತಮ್ಮನ ಮಾತನ್ನು ತಳ್ಳಿಹಾಕಬಾರದು. ಆದರೆ ಅಮೆರಿಕದ ಶಾಲೆಗೂ ನಮ್ಮ ಶಾಲೆಗೂ ಇರುವ ಒಂದು ವ್ಯತ್ಯಾಸವನ್ನು ಮೊದಲು ನೋಡಬೇಕು. ಅಲ್ಲಿಯ ಧಾರಾವಾಹಿಗಳಲ್ಲಿ ಶಾಲೆಯ ರಾಜ ಆಟಗಾರ, ಓದುವವನನ್ನು ಬೀರುವಿನೊಳಗೆ ತಳ್ಳಿ ಬಾಗಿಲು ಹಾಕುತ್ತಾರೆ. ನಮ್ಮಲ್ಲಿ ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದವನ ಫ್ಲೆಕ್ಸ್ ಬಸ್ ಸ್ಟ್ಯಾಂಡಿನ ಎದುರು ನಿಲ್ಲುತ್ತದೆ, ಸಮಾಜದ ವತಿಯಿಂದ ಶಾಲು ಹೊದಿಸಿ ಸತ್ಕಾರವಾಗುತ್ತದೆ. ಓದುವ ಹುಡುಗನನ್ನು ನಾವು ಹೊತ್ತು ಮೆರೆಸುತ್ತೇವೆ. ಅಂಕಕ್ಕೆ ಬಾರದ ವಿಷಯಕ್ಕೆ ತಲೆ ಕೊಟ್ಟವನನ್ನು ಕಂಡರೆ ಮಾತ್ರ ನಮಗೆ ನಗು. ಹೀಗಾಗಿ ಅಲ್ಲಿಯ ಪಾತ್ರವನ್ನು ಇಲ್ಲಿಗೆ ಹಾಗೆಯೇ ತಂದರೆ ಅದು ಯಾರಿಗೂ ಹೊಂದುವುದಿಲ್ಲ. ಕನ್ನಡಕ ಮಾತ್ರ ಉಳಿಯುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಶಾಲೆಯ ಮಕ್ಕಳನ್ನು ಗೋಲಗುಮ್ಮಟಕ್ಕೆ ಕರೆದೊಯ್ದಿದ್ದೆವು. ಮೇಲಿನ ಪಿಸುಮಾತಿನ ಗ್ಯಾಲರಿಗೆ ಹೋದವರು ಏನು ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದೆ: ಕೂಗುತ್ತಾರೆ, ಸೀಟಿ ಹೊಡೆಯುತ್ತಾರೆ, ತಮ್ಮ ಹೆಸರನ್ನೇ ಕರೆದುಕೊಳ್ಳುತ್ತಾರೆ. ಒಬ್ಬ ಹುಡುಗ ಮಾತ್ರ ಗೋಡೆಗೆ ಕಿವಿ ಹಚ್ಚಿ ನಿಂತು, ಕೈಯಲ್ಲಿ ನನ್ನ ಫೋನು ಹಿಡಿದು, ಬಂದವರನ್ನೆಲ್ಲ ‘ಅಣ್ಣಾರ, ಒಂದ ಎರಡ ನಿಮಿಷ ಸುಮ್ಮನಿರ್ರಿ’ ಎಂದು ಬೇಡಿಕೊಳ್ಳುತ್ತಿದ್ದ. ಎದುರು ಗೋಡೆಯಿಂದ ಪಿಸುದನಿ ನಡುವಿನ ಗಾಳಿಯನ್ನು ಸೀಳಿಕೊಂಡು ನೇರವಾಗಿ ಬರುತ್ತದೆಯೋ, ಗೋಡೆಯ ಬಾಗನ್ನು ಹಿಡಿದು ಸುತ್ತಿಕೊಂಡು ಬರುತ್ತದೆಯೋ ಎಂಬುದು ಅವನ ತಂಟೆ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರು. ನೇರ ಬಂದರೆ ಸದ್ದಿಗೆ ಒಂದು ಸೆಕೆಂಡಿನ ಒಂಬತ್ತನೆಯ ಒಂದು ಭಾಗ ಸಾಕು. ಗೋಡೆ ಹಿಡಿದು ಬಂದರೆ ದಾರಿ ಸುಮಾರು 60 ಮೀಟರಾಗಿ ಆರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಬೇಕು. ಲೆಕ್ಕ ಸರಿಯಾಗಿತ್ತು, ಅಳೆಯಲು ಮೌನ ಬೇಕಿತ್ತು. ನಾಡಿನ ಜನರೆಲ್ಲ ಕೂಗಲೆಂದೇ ಬರುವ ಕಟ್ಟಡದಲ್ಲಿ ಸುಮ್ಮನಿರಿ ಎಂದು ಬೇಡುವ ಹುಡುಗ! ಸಹೋದ್ಯೋಗಿಗಳು ನಕ್ಕರು, ನಾನೂ ನಕ್ಕೆ, ಅವನೂ ನಕ್ಕ. ಆ ನಗೆಗೆ ಅವನ ಕನ್ನಡಕವಾಗಲಿ ತೊದಲಾಗಲಿ ಬೇಕಾಗಲಿಲ್ಲ (ಅವನಿಗೆ ಎರಡೂ ಇರಲಿಲ್ಲ). ಅವನಿಗೆ ಏನು ಬೇಕಾಗಿತ್ತು ಎಂಬುದು ನಮಗೆ ಗೊತ್ತಿದ್ದುದರಿಂದಲೇ ನಗು ಬಂತು.

ಬರೆಯುವವನಿಗೆ ಆ ‘ಏನು ಬೇಕಾಗಿತ್ತು’ ಎಂಬುದು ಗೊತ್ತಿಲ್ಲದಾಗ ಕೈಗೆ ಸಿಗುವುದು ಕನ್ನಡಕ. ನಮ್ಮ ಊರಿನ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರನ್ನು ನೆನೆಯಿರಿ. ಮನೆಮನೆ ತಿರುಗಿ ತಾಳೆಗರಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದು, ಇದ್ದ ಮನೆಯನ್ನು ಮಾರಿ ಮುದ್ರಣಾಲಯ ಹಾಕಿದವರು. ಇಂದಿನ ಹಾಸ್ಯ ಧಾರಾವಾಹಿಯವರ ಕೈಗೆ ಅಂಥವರು ಸಿಕ್ಕರೆ ತೇಪೆ ಹಚ್ಚಿದ ಕೋಟಿನ ಮೇಲೆ ಹತ್ತು ಕಂತು ಬರೆದಾರು, ಗರಿಯ ಮೇಲೆ ಏನಿತ್ತು ಎಂದು ಒಂದು ಕಂತಿನಲ್ಲೂ ಹೇಳಲಾರರು.

ಖಡೇಬಜಾರಿನ ರಿಪೇರಿಯವ, ಬೆಳಗಾವಿ

ಮಾಸ್ತರರ ಮಾತಿಗೆ ನನ್ನ ಕಸುಬಿನಿಂದ ಒಂದು ಸಾಕ್ಷಿ ಕೊಡುತ್ತೇನೆ. ಬ್ರಿಟನ್ನಿನ ಚಾನೆಲ್ 4ರಲ್ಲಿ 2006ರಿಂದ ಬಂದ ‘ದ ಐಟಿ ಕ್ರೌಡ್’ ನೋಡಿ. ದೊಡ್ಡ ಕಂಪನಿಯೊಂದರ ನೆಲಮಾಳಿಗೆಯಲ್ಲಿ ರಾಯ್, ಮಾಸ್ ಎಂಬ ಇಬ್ಬರು ಕಂಪ್ಯೂಟರ್ ದುರಸ್ತಿಯವರು; ಅವರ ಮೇಲೆ ಕಂಪ್ಯೂಟರಿನ ಗಂಧಗಾಳಿ ಇಲ್ಲದ ಜೆನ್ ಎಂಬ ಮ್ಯಾನೇಜರು. ಫೋನು ಎತ್ತಿದೊಡನೆ ರಾಯ್ ಹೇಳುವುದು ಒಂದೇ: ಆಫ್ ಮಾಡಿ ಆನ್ ಮಾಡಿ ನೋಡಿದಿರಾ? ಇದು ಚೇಷ್ಟೆಯಲ್ಲ, ನನ್ನ ಅಂಗಡಿಯ ದಿನಚರಿ. ತಿಂಗಳುಗಟ್ಟಲೆ ಬಂದ್ ಮಾಡದ ಯಂತ್ರದಲ್ಲಿ ಯಾವುದೋ ಪ್ರೋಗ್ರಾಂ ಮೆಮೊರಿಯನ್ನು ಹಿಡಿದು ಬಿಡದೆ ಕುಳಿತಿರುತ್ತದೆ, ಇನ್ನಾವುದೋ ಪ್ರೋಗ್ರಾಂ ಬಾರದ ಉತ್ತರಕ್ಕೆ ಕಾಯುತ್ತಿರುತ್ತದೆ. ವಿದ್ಯುತ್ತು ಹೋದೊಡನೆ ಎಲ್ಲವೂ ತೊಳೆದು ಹೋಗಿ ಯಂತ್ರ ಮೊದಲ ಪಾಠದಿಂದ ಶುರು ಮಾಡುತ್ತದೆ. ಇದನ್ನು ಗಿರಾಕಿಗೆ ವಿವರಿಸಿದರೆ ‘ಇಷ್ಟಕ್ಕ ರೊಕ್ಕ ಯಾಕ ಕೊಡಬೇಕ್ರಿ’ ಎನ್ನುತ್ತಾರೆ. ವಿವರಿಸದೆ ಯಂತ್ರವನ್ನು ಒಳಗೆ ಒಯ್ದು ಅರ್ಧ ತಾಸು ಬಿಟ್ಟು ತಂದರೆ ಕೈಮುಗಿದು ಕೊಡುತ್ತಾರೆ. ಈ ಕಸುಬಿನ ಹಾಸ್ಯ ಇರುವುದೇ ಇಲ್ಲಿ, ಆ ಧಾರಾವಾಹಿ ಅದನ್ನು ಹಿಡಿದಿದೆ.

2008ರ ಒಂದು ಕಂತಿನಲ್ಲಿ ಜೆನ್ ಭಾಷಣ ಮಾಡಬೇಕಾಗಿರುತ್ತದೆ. ರಾಯ್ ಮತ್ತು ಮಾಸ್ ಕೆಂಪು ದೀಪ ಮಿನುಗುವ ಸಣ್ಣದೊಂದು ಕಪ್ಪು ಡಬ್ಬಿ ಕೊಟ್ಟು ‘ಇದೇ ಇಂಟರ್‌ನೆಟ್, ಜೋಪಾನ’ ಎಂದು ನಂಬಿಸುತ್ತಾರೆ. ಅವಳು ವೇದಿಕೆಯಲ್ಲಿ ನಗೆಪಾಟಲಾಗುತ್ತಾಳೆ ಎಂಬುದು ಅವರ ಎಣಿಕೆ. ಆದರೆ ಸಭೆಯಲ್ಲಿ ಕುಳಿತ ಷೇರುದಾರರೆಲ್ಲ ಅದನ್ನು ನಂಬಿ ಭಯಭಕ್ತಿಯಿಂದ ನೋಡುತ್ತಾರೆ; ನಗಬೇಕೆಂದು ಕಾದ ಇಬ್ಬರು ಪೆಚ್ಚಾಗುತ್ತಾರೆ. ಅಲ್ಲಿ ನಗೆಗೀಡಾದದ್ದು ತಿಳಿಯದಿದ್ದರೂ ತಿಳಿದವರಂತೆ ಕುಳಿತ ದೊಡ್ಡ ಮಂದಿ. ಮಾಸ್‌ನ ಬೈತಲೆಯನ್ನು, ಅಂಗಿಯನ್ನು ನೋಡಿ ನಗುವ ದೃಶ್ಯಗಳೂ ಬೇಕಾದಷ್ಟಿವೆ, ಇಲ್ಲವೆನ್ನುವುದಿಲ್ಲ. ಆದರೆ ಅವನ ಕೆಲಸವನ್ನು ಕಂಡವರು ಬರೆದದ್ದು ಎಂಬುದು ನಮ್ಮಂಥವರಿಗೆ ಮೊದಲ ಕಂತಿನಲ್ಲೇ ತಿಳಿಯುತ್ತದೆ.

ಟಿಳಕವಾಡಿಯ ಕೋಡುಗಾರ್ತಿ, ಬೆಳಗಾವಿ

ಇದೇ ಸಾಲಿಗೆ ಎಚ್‌ಬಿಓದ ‘ಸಿಲಿಕಾನ್ ವ್ಯಾಲಿ’ (2014ರಿಂದ 2019) ಸೇರಿಸುತ್ತೇನೆ. ಡೇಟಾವನ್ನು ಕುಗ್ಗಿಸುವ ತಂತ್ರವೊಂದನ್ನು ಕಂಡುಹಿಡಿದ ಹುಡುಗರ ಕಥೆ. ಆ ತಂತ್ರ ಎಷ್ಟು ಚೆನ್ನಾಗಿದೆ ಎಂದು ತೋರಿಸಲು ಒಂದು ಅಳತೆ ಬೇಕಾಗಿ, ಸ್ಟ್ಯಾನ್‌ಫರ್ಡಿನ ಪ್ರಾಧ್ಯಾಪಕ ಸಾಕಿ ವೈಸ್‌ಮನ್ ಮತ್ತು ಅವರ ವಿದ್ಯಾರ್ಥಿ ವಿನೀತ್ ಮಿಶ್ರಾ ಅದಕ್ಕೆಂದೇ ವೈಸ್‌ಮನ್ ಸ್ಕೋರ್ ಎಂಬುದನ್ನು ರಚಿಸಿಕೊಟ್ಟರು. ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಒಂದು ಲೆಕ್ಕ ಬರುತ್ತದೆ. ಅದರ ವಿಷಯ ಸಭ್ಯರ ಸಭೆಯಲ್ಲಿ ಹೇಳುವಂಥದ್ದಲ್ಲ, ನಾನು ಹೇಳುವುದೂ ಇಲ್ಲ. ಆದರೆ ಆ ಪೋಲಿ ಲೆಕ್ಕವನ್ನು ಹುಡುಗರು ಎಷ್ಟು ಗಂಭೀರವಾಗಿ, ಎಷ್ಟು ಸರಿಯಾಗಿ ಬಿಡಿಸುತ್ತಾರೆಂದರೆ, ಅದರ ನಡುವಿನಿಂದಲೇ ಅವರ ನಾಯಕನಿಗೆ ನಿಜವಾದ ಉಪಾಯ ಹೊಳೆಯುತ್ತದೆ. ಲೆಕ್ಕವನ್ನು ತೆಗೆದುಬಿಟ್ಟರೆ ಆ ಹಾಸ್ಯವೂ ಇಲ್ಲ, ಕಥೆಯೂ ಇಲ್ಲ. ಪ್ರೇಕ್ಷಕರ ನಗೆಯ ಸದ್ದೂ ಆ ಧಾರಾವಾಹಿಯಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಎಲ್ಲಿ ನಗಬೇಕೆಂದು ಯಾರೂ ನಮಗೆ ಹೇಳಿಕೊಡುವುದಿಲ್ಲ.

ವಿಶೇಷ ಮಕ್ಕಳ ಶಿಕ್ಷಕಿ, ಬೆಳಗಾವಿ

ಇಲ್ಲಿಯವರೆಗೆ ಯಾರೂ ಮುಟ್ಟದ ವಿಷಯವೊಂದಿದೆ. ಶೆಲ್ಡನ್ನನಿಗೆ ಸೋಫಾದಲ್ಲಿ ಒಂದೇ ಜಾಗ ಬೇಕು, ಬಾಗಿಲನ್ನು ಮೂರು ಸಲ ತಟ್ಟಿ ಮೂರು ಸಲ ಹೆಸರು ಕರೆಯಬೇಕು, ವಾರದ ಇಂಥ ದಿನ ಇಂಥದೇ ಊಟವಾಗಬೇಕು, ವ್ಯಂಗ್ಯ ತಿಳಿಯುವುದಿಲ್ಲ. ನನ್ನ ತರಗತಿಯಲ್ಲಿ ಇಂಥ ಮಕ್ಕಳಿದ್ದಾರೆ. ಆ ಪಾತ್ರಕ್ಕೆ ಆಟಿಸಂ ಇದೆಯೆಂದು ತಾವು ಬರೆದಿಲ್ಲ ಎಂದು ಧಾರಾವಾಹಿಯನ್ನು ಮಾಡಿದವರು ಹೇಳಿದ್ದಾರೆ; ‘ನಾನು ಹುಚ್ಚನಲ್ಲ, ನನ್ನ ತಾಯಿ ಪರೀಕ್ಷೆ ಮಾಡಿಸಿದ್ದಾಳೆ’ ಎಂಬುದು ಅಲ್ಲಿ ಮತ್ತೆ ಮತ್ತೆ ಬರುವ ನಗೆಮಾತು. ಹೆಸರು ಇಡದೆ ಬಿಟ್ಟದ್ದರಿಂದ ಅವರಿಗೆ ಒಂದು ಅನುಕೂಲವಾಯಿತು: ಆ ಎಲ್ಲ ಗುರುತುಗಳನ್ನು ನಗೆಗೆ ಬಳಸಬಹುದು, ಹೊಣೆ ಮಾತ್ರ ಬೇಡ.

ಒಬ್ಬ ತಾಯಿ ನನ್ನ ಬಳಿ ಬಂದು, ಮಗನನ್ನು ಓಣಿಯ ಹುಡುಗರು ಶೆಲ್ಡನ್ ಎಂದು ಕರೆಯುತ್ತಾರೆ, ಅದು ಹೊಗಳಿಕೆಯೋ ಬೈಗುಳವೋ ತಿಳಿಯದು ಎಂದರು. ಎರಡೂ ಹೌದು ಎಂದು ನಾನು ಹೇಳಬೇಕಾಯಿತು. ಅಸಾಮಾನ್ಯ ಬುದ್ಧಿ ಇದ್ದರೆ ಮಾತ್ರ ವಿಚಿತ್ರ ನಡವಳಿಕೆಯನ್ನು ಸಹಿಸೋಣ ಎಂಬ ಒಪ್ಪಂದವೊಂದು ಈ ಪಾತ್ರಗಳ ಬೆನ್ನಿಗಿದೆ. ಶೆಲ್ಡನ್ನನಿಗೆ ಕೊನೆಗೆ ನೊಬೆಲ್ ಬರುತ್ತದೆ. ಆ ಹುಡುಗನಿಗೆ ಗಣಿತ ಬಾರದು. ಅವನಿಗೆ ಇಷ್ಟವಾದದ್ದು ಬಸ್ಸುಗಳ ಬೋರ್ಡು, ವಾಯವ್ಯ ಸಾರಿಗೆಯ ಬಸ್ಸು ಯಾವ ಡಿಪೋದ್ದು ಎಂದು ದೂರದಿಂದಲೇ ಹೇಳುತ್ತಾನೆ. ಅದಕ್ಕೆ ಯಾವ ಬಹುಮಾನವೂ ಇಲ್ಲ.

1999ರಲ್ಲಿ ಶುರುವಾಗಿ 18 ಕಂತುಗಳಿಗೇ ಮುಗಿದ ‘ಫ್ರೀಕ್ಸ್ ಆ್ಯಂಡ್ ಗೀಕ್ಸ್’ ಎಂಬ ಧಾರಾವಾಹಿಯಲ್ಲಿ ನನಗೆ ಬೇರೆ ದಾರಿ ಕಂಡಿತು. ಬಿಲ್ ಎಂಬ ಬಡಕಲು ಹುಡುಗ ಶಾಲೆಯಿಂದ ಖಾಲಿ ಮನೆಗೆ ಬರುತ್ತಾನೆ, ತಾಯಿ ಕೆಲಸಕ್ಕೆ ಹೋಗಿದ್ದಾಳೆ. ಬ್ರೆಡ್ಡಿನ ನಡುವೆ ಚೀಸ್ ಇಟ್ಟು ಕಾಯಿಸಿಕೊಳ್ಳುತ್ತಾನೆ, ಒಂದು ತುಂಡು ಕೇಕು, ಒಂದು ಲೋಟ ಹಾಲು. ಟಿ.ವಿ. ಮುಂದೆ ಕುಳಿತು ಹಾಸ್ಯಗಾರನೊಬ್ಬನನ್ನು ನೋಡುತ್ತ ಬಾಯಲ್ಲಿ ತುತ್ತು ಇಟ್ಟುಕೊಂಡೇ ಬಿದ್ದು ಬಿದ್ದು ನಗುತ್ತಾನೆ. ಅವನ ಮಾತೊಂದೂ ಆ ದೃಶ್ಯದಲ್ಲಿ ಇಲ್ಲ. ಕನ್ನಡಕ ಅವನಿಗೂ ಇದೆ, ದಪ್ಪದ್ದೇ ಇದೆ, ಆದರೆ ನಾವು ಅವನನ್ನು ನೋಡಿ ನಗುವ ಬದಲು ಅವನ ಜೊತೆಗೆ ಕುಳಿತಿರುತ್ತೇವೆ.

ಬಸವನಬಾಗೇವಾಡಿಯ ರಂಗಕರ್ಮಿ

ಅಕ್ಕಾವರು ಬರೆದದ್ದನ್ನು ಎರಡು ಸಲ ಓದಿದೆ. ನಾನು ನಾಟಕದವನಾದ್ದರಿಂದ ವೇಷದ ಪರವಾಗಿ ಒಂದು ಮಾತು ಆಡಬೇಕು. ಕಂಪನಿ ನಾಟಕಗಳಲ್ಲಿ ಹಾಸ್ಯದ ಪಾತ್ರಕ್ಕೆ ಢಾಳಾದ ವೇಷ ಇದ್ದದ್ದು ಸುಮ್ಮನೆ ಅಲ್ಲ. ನೆಲದ ಮೇಲೆ ಕುಳಿತ ಕೊನೆಯ ಸಾಲಿನವನಿಗೆ ಮುಖ ಕಾಣುವುದಿಲ್ಲ, ಮಾತು ಅರ್ಧ ಕೇಳುತ್ತದೆ. ಬಂದವನು ಯಾರು ಎಂದು ಟೋಪಿಯೋ ಕೋಲೋ ಹೇಳಬೇಕು. ಟಿ.ವಿ.ಯ ಕ್ಯಾಮೆರಾ ಕಣ್ಣಿನ ರೆಪ್ಪೆಯನ್ನೂ ತೋರಿಸುತ್ತದೆ. ಅಷ್ಟು ಹತ್ತಿರ ಹೋಗಿಯೂ ಕನ್ನಡಕವನ್ನೇ ತೋರಿಸಿ ಬಂದರೆ ಹತ್ತಿರ ಹೋದದ್ದು ಯಾಕೆ?

ಉಪನ್ಯಾಸಕರ ಮೂಲ ಪ್ರಶ್ನೆಗೆ ನನ್ನ ಉತ್ತರ ಇದು: ಮನುಷ್ಯ ಏನು ಹೇಳುತ್ತಾನೆ ಎಂಬುದನ್ನು ಬಿಟ್ಟು ಹೇಗೆ ಹೇಳುತ್ತಾನೆ ಎಂಬುದಕ್ಕೆ ನಗಿಸುವ ಹಾಸ್ಯದ ಪರಿಚಯ ನಮಗಿಂತ ಹೆಚ್ಚು ಯಾರಿಗಿದೆ? ಬೆಂಗಳೂರಿನ ವಾಹಿನಿಗಳ ಹಾಸ್ಯದಲ್ಲಿ ಉತ್ತರ ಕರ್ನಾಟಕದವನು ಬಂದರೆ ಅವನು ‘ಯಾಕ್ರಿ, ಏನ್ರಿ’ ಎಂದರೆ ಸಾಕು, ನಗೆ ಬೀಳುತ್ತದೆ. ಅವನು ನೀರಾವರಿಯ ಬಗ್ಗೆ ಹೇಳುತ್ತಿರಲಿ, ಮಗಳ ಮದುವೆಯ ಬಗ್ಗೆ ಹೇಳುತ್ತಿರಲಿ, ಕೇಳಿಸಿಕೊಂಡವರಿಲ್ಲ. ಬಿಗ್ ಬ್ಯಾಂಗಿನ ರಾಜ್ ಕೂತ್ರಪಾಲಿ ದೆಹಲಿಯವನು, ಖಗೋಳ ಭೌತವಿಜ್ಞಾನಿ. ಮೊದಲ ಆರು ಸೀಸನ್ನುಗಳಲ್ಲಿ ಅವನನ್ನು ಬಳಸಿದ್ದು ಮದ್ಯ ಕುಡಿಯದೆ ಹೆಂಗಸರೊಡನೆ ಮಾತಾಡಲಾರದವನು ಎಂಬ ಒಂದೇ ಗುಣಕ್ಕೆ, ಮತ್ತು ಉಚ್ಚಾರಣೆಗೆ. ನಮ್ಮ ದೇಶದಲ್ಲೇ ನೋಡಿ: 2008ರಿಂದ ನಡೆಯುತ್ತಿರುವ ಹಿಂದಿಯ ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’ದಲ್ಲಿ ಅಯ್ಯರ್ ಎಂಬ ದಕ್ಷಿಣ ಭಾರತದ ವಿಜ್ಞಾನಿ ಇದ್ದಾನೆ. ವಿಜ್ಞಾನ ಹೆಸರಿಗಷ್ಟೆ, ನಗೆ ಅವನ ಮೈಬಣ್ಣಕ್ಕೆ, ಅವನ ಹಿಂದಿಗೆ, ಇಂಥವನಿಗೆ ಅಂಥ ಹೆಂಡತಿಯೇ ಎಂಬ ಬೆರಗಿಗೆ.

ಅದಕ್ಕಿಂತ ಮೊದಲು, 2004ರಲ್ಲಿ ಬಂದ ‘ಸಾರಾಭಾಯ್ ವರ್ಸಸ್ ಸಾರಾಭಾಯ್’ಯ ಅಳಿಯ ದುಷ್ಯಂತ ನೆನಪಿದ್ದಾನೆಯೇ? ಮನೆಯ ಯಂತ್ರವೊಂದು ಕೆಟ್ಟರೆ ಅದರ ಒಳಗೆ ಏನೇನಾಗುತ್ತದೆ ಎಂದು ಕೈಬಾಯಿ ತಿರುಗಿಸಿ ವಿವರಿಸಲು ನಿಲ್ಲುತ್ತಾನೆ, ಮನೆಯವರು ಓಡುತ್ತಾರೆ. ದೇವೇನ್ ಭೋಜಾನಿ ಆ ಉತ್ಸಾಹವನ್ನು ಎಷ್ಟು ಸಂತೋಷದಿಂದ ಆಡಿದ್ದಾರೆಂದರೆ ನನಗೆ ಓಡುವವರಿಗಿಂತ ಅವನ ಮೇಲೇ ಪ್ರೀತಿ ಬಂತು. ನಮ್ಮ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳಲ್ಲಿ ಇಂಥ ಪಾತ್ರ ನನಗೆ ಕಾಣಲಿಲ್ಲ, ಡಾಕ್ಟರ್ ವಿಠಲರಾಯರಿದ್ದರು, ಆದರೆ ಅಲ್ಲಿ ನಗೆ ಇದ್ದದ್ದು ಅವರ ಬಡಾಯಿಯಲ್ಲಿ.

ಜಮಖಂಡಿಯ ವಿಜ್ಞಾನ ವಿದ್ಯಾರ್ಥಿ

‘ಯಾಕ್ರಿ, ಏನ್ರಿ’ಯ ಮಾತು ನನಗೆ ನಾಟಿತು, ಸರ್. ಕೋಚಿಂಗಿಗೆ ಬೆಂಗಳೂರಿಗೆ ಹೋದಾಗ ನಾನು ಸಂದೇಹ ಕೇಳಲು ಎದ್ದು ನಿಂತರೆ ಪ್ರಶ್ನೆ ಮುಗಿಯುವ ಮೊದಲೇ ಹಿಂದಿನ ಬೆಂಚು ನಗುತ್ತಿತ್ತು. ಆದರೂ ನನಗೆ ಶೆಲ್ಡನ್ ಬೇಕು. ಅವನು ಯಾರು ನಕ್ಕರೂ ವಾಕ್ಯವನ್ನು ಪೂರ್ತಿ ಮಾಡುತ್ತಾನೆ.

ಇಳಕಲ್ಲಿನ ನೇಕಾರರ ಮಗಳು

ಇಷ್ಟೆಲ್ಲ ಚರ್ಚೆಯಲ್ಲಿ ಜಾಣ ಎಂದರೆ ಭೌತವಿಜ್ಞಾನಿ ಇಲ್ಲವೇ ಕಂಪ್ಯೂಟರಿನವನು ಎಂದೇ ಹಿಡಿದಿದ್ದೀರಿ. ಟಿ.ವಿ.ಯವರೂ ಅದನ್ನೇ ಹಿಡಿದಿದ್ದಾರೆ. ನಮ್ಮ ಮನೆಯ ವಿಷಯ ಹೇಳುತ್ತೇನೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು, ಅದಕ್ಕೆ ತೋಪು ತೆನೆ ಎನ್ನುತ್ತೇವೆ. ನಮ್ಮ ಅತ್ತೆಗೆ ಅದೇ ಲೋಕ. ಮದುವೆ ಮನೆಗೆ ಹೋದರೆ ಮದುಮಗಳ ಮುಖ ನೋಡುವ ಮೊದಲು ಅವಳ ಸೆರಗನ್ನು ಹೊರಳಿಸಿ ಕೂಡಿಸಿದ ಜಾಗವನ್ನು ಬೆರಳಿನಿಂದ ಸವರಿ ನೋಡುತ್ತಾರೆ. ‘ಚಂದ ಅದಾಳ’ ಎಂದು ಅವರು ಅಂದರೆ ಹೇಳಿದ್ದು ಹುಡುಗಿಗೋ ಸೀರೆಗೋ ಎಂದು ಬೀಗರು ತಬ್ಬಿಬ್ಬಾಗುತ್ತಾರೆ. ಒಮ್ಮೆ ಆರತಿ ತಟ್ಟೆ ಹಿಡಿದುಕೊಂಡೇ, ಇದು ಕೈಮಗ್ಗದ್ದಲ್ಲ, ನಿಮಗೆ ಮೋಸವಾಗಿದೆ ಎಂದು ಸಾರಿಬಿಟ್ಟರು. ಆ ಸೀರೆ ಕೊಟ್ಟವರು ಅಲ್ಲೇ ಎದುರಿಗೆ ನಿಂತಿದ್ದರು.

ಅತ್ತೆ ಕನ್ನಡಕ ಹಾಕುವುದಿಲ್ಲ, ಮಾತಿನಲ್ಲಿ ಊರನ್ನೇ ಗೆದ್ದು ಬರುತ್ತಾರೆ. ಅವರಿಗೂ ಮಾಸ್ತರರು ಹೇಳಿದ ಗುಮ್ಮಟದ ಹುಡುಗನಿಗೂ ಸೆಳೆತ ಒಂದೇ ಎಂದು ನನಗೆ ಅನಿಸುತ್ತದೆ. ಡಿಸೈನಿಗೆ ತಕ್ಕಂತೆ ಎಳೆ ಎತ್ತಲು ಮಗ್ಗದ ಮೇಲೆ ಕೂಡಿಸುವ ಜಕಾರ್ಡ್ ಯಂತ್ರದ ಕಾರ್ಡಿನಲ್ಲಿ ತೂತು ಇದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಕಂಪ್ಯೂಟರಿನವರು ತೂತಿನ ಕಾರ್ಡುಗಳನ್ನು ಬಳಸುವುದಕ್ಕಿಂತ ಎಷ್ಟೋ ಮೊದಲು, 1800ರ ಆಸುಪಾಸಿನಲ್ಲೇ, ಫ್ರಾನ್ಸಿನ ನೇಕಾರರು ಅದನ್ನು ಬಳಸುತ್ತಿದ್ದರು. ಬನಹಟ್ಟಿಯಲ್ಲೋ ಗುಳೇದಗುಡ್ಡದಲ್ಲೋ ಡಿಸೈನಿನ ಕಾರ್ಡು ತಪ್ಪಾದಾಗ ನಡೆಯುವ ಜಗಳವನ್ನು ಹಾಗೆಯೇ ಚಿತ್ರಿಸಿದರೂ ಒಂದು ಕಂತಿಗೆ ಸಾಕು.

ನವನಗರದ ಉಪನ್ಯಾಸಕ, ಬಾಗಲಕೋಟೆ

ಹಾಗಾದರೆ ಇಂಥದ್ದನ್ನು ನಮ್ಮ ವಾಹಿನಿಗಳು ಯಾಕೆ ಮಾಡುವುದಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಮನಸ್ಸಿಲ್ಲ ಎಂದು ಬೈಯುವುದು ಸುಲಭ, ನಾನು ಲೆಕ್ಕ ಹಾಕಿ ನೋಡಿದೆ. ಬಿಗ್ ಬ್ಯಾಂಗಿಗೆ ವರ್ಷಕ್ಕೆ ಸುಮಾರು 24 ಕಂತು, ಬರೆಯಲು ಕೋಣೆ ತುಂಬ ಜನ. ಐಟಿ ಕ್ರೌಡ್ ಸೀಸನ್ನಿಗೆ ಆರೇ ಕಂತು, ಕೊನೆಯ ವಿಶೇಷ ಕಂತೂ ಸೇರಿ ಒಟ್ಟು 25. ನಮ್ಮಲ್ಲಿ ಧಾರಾವಾಹಿ ಎಂದರೆ ದಿನನಿತ್ಯದ್ದು; ವಾರಕ್ಕೆ ಐದರಂತೆ ಹಿಡಿದರೆ ವರ್ಷಕ್ಕೆ 260. ಅಲ್ಲಿ ಹನ್ನೆರಡು ವರ್ಷ ಬರೆದದ್ದನ್ನು ಇಲ್ಲಿ ಸುಮಾರು ಒಂದೇ ವರ್ಷದಲ್ಲಿ ಬರೆಯಬೇಕು. ಬೆಳಿಗ್ಗೆ ಸಂಭಾಷಣೆ ಬರೆದು ಮಧ್ಯಾಹ್ನ ಚಿತ್ರೀಕರಿಸುವ ಆತುರದಲ್ಲಿ ಗುಮ್ಮಟದ ಅಳತೆಯಾಗಲಿ ಸೆರಗಿನ ಕೊಂಡಿಯಾಗಲಿ ಕೇಳಿ ತಿಳಿಯಲು ಯಾರಿಗೆ ಪುರುಸೊತ್ತು? ವೇಷಭೂಷಣದ ಪೆಟ್ಟಿಗೆಯಲ್ಲಿ ಕನ್ನಡಕ ಇದ್ದೇ ಇರುತ್ತದೆ, ತೆಗೆದು ಹಾಕುತ್ತಾರೆ. ಆದರೆ ಅಮೆರಿಕದವರಿಗೆ ಅಷ್ಟು ಸಮಯವಿದ್ದೂ ಕನ್ನಡಕವನ್ನೇ ತೆಗೆದರಲ್ಲ ಎಂದು ಕೋಡುಗಾರ್ತಿಯವರು ಕೇಳಿದರೆ ನನ್ನ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

ಖಡೇಬಜಾರಿನ ರಿಪೇರಿಯವ, ಬೆಳಗಾವಿ

ವಾಹಿನಿಗಳ ದಾರಿ ಕಾಯುವುದು ಯಾಕೆ, ಸರ್? ಯೂಟ್ಯೂಬಿನಲ್ಲಿ ಆರು ಕಂತಾದರೆ ನಮ್ಮ ಕೈಯಳತೆಯಲ್ಲೇ ಇದೆ. ಮೈಕು, ಎಡಿಟಿಂಗ್ ಕಂಪ್ಯೂಟರು ನನ್ನ ಅಂಗಡಿಯಲ್ಲಿವೆ. ರಂಗಕರ್ಮಿಗಳು ಸಂಭಾಷಣೆ ಬರೆದು ಮೊದಲು ಮಾಸ್ತರರಿಗೆ ತೋರಿಸಲಿ. ಇಳಕಲ್ಲಿನ ಅಕ್ಕಾವರು ನಟಿಯನ್ನು ಹುಡುಕುವ ಮೊದಲು ಅತ್ತೆಯವರನ್ನೇ ಒಂದು ಮಾತು ಕೇಳಿ ನೋಡಲಿ. ಒಪ್ಪಿದರೆ ಮಗ್ಗದ ಸದ್ದಿನ ನಡುವೆ ಅವರ ಮಾತನ್ನು ಸ್ಪಷ್ಟವಾಗಿ ಹಿಡಿಯಲು ಕಾಲರ್ ಮೈಕು ಬೇಕಾಗುತ್ತದೆ, ಅದನ್ನು ನಾನು ತರಿಸುತ್ತೇನೆ.